ಗೋಡೆ ಒಡೆಯದೆ ಗೋಡೆಯೊಳಗಿನ ವೈರ್ ಅಳೆದದ್ದು: ನನ್ನ ಅನುಭವ

ಪ್ಲಾಸ್ಟರ್ ಆದ ಮೇಲೆ ಒಳಗಿನ ವೈರ್ ಎಷ್ಟು ಎಂಎಂ (ಚದರ ಮಿಲಿಮೀಟರ್ ದಪ್ಪ) ಅಂತ ಸಾಬೀತು ಮಾಡಲು ಆಗಲ್ಲ, ಮಾಡಿದರೂ ಗ್ರಾಹಕರ ಆಯೋಗದಲ್ಲಿ ನಿಲ್ಲಲ್ಲ. ಮಂಡ್ಯದಲ್ಲಿ ನಮ್ಮ ವೈರಿಂಗ್ ಲೈನಿನವರು ಬಹಳ ಜನ ಹೀಗೇ ಹೇಳುತ್ತಿದ್ದರು. ಈಗ ಅಂಥದೇ ಅಳತೆಯ ಮೇಲೆ ಒಂದು ದೂರು ಆಯೋಗದ ಮೂಲಕ ರಾಜಿಯಾಗಿ, ಮನೆಯವರಿಗೆ ದುಡ್ಡು ವಾಪಸ್ ಬಂದಿದೆ. ಸೂಪರ್‌ವೈಸರ್ ಪರ್ಮಿಟ್ ಇರುವವರು, ವೈರ್‌ಮನ್‌ಗಳು ಓದುತ್ತೀರಿ ಎಂದುಕೊಂಡೇ ಬರೆಯುತ್ತಿದ್ದೇನೆ, ಹಾಗಾಗಿ ಇನ್ಸುಲೇಶನ್ ಅಳೆಯುವ ಮೆಗ್ಗರ್ ಬಳಸುವುದು ಹೇಗೆ ಎಂಬಲ್ಲಿಂದ ಶುರು ಮಾಡುವುದಿಲ್ಲ.

ಮಂಡ್ಯದ ಹೊರವಲಯ, 30×40 ಸೈಟು, ಕೆಳಗೆ-ಮೇಲೆ ಎರಡು ಮಹಡಿ. ಕೊಟೇಶನ್‌ನಲ್ಲಿ ಬರೆದಿದ್ದು ಹೀಗೆ: ಪವರ್ ಪಾಯಿಂಟಿಗೆ 2.5 ಎಂಎಂ, ಗೀಸರ್ ಮತ್ತು ಎಸಿಗೆ 4 ಎಂಎಂ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಪ್ಲೈ ಕಡಿಯುವ ಸ್ವಿಚ್), ಎರಡು ಅರ್ಥ್ ಪಿಟ್ (ಅರ್ಥಿಂಗ್ ಗುಂಡಿ). ಮಾಲು ಸೇರಿ ಒಂದು ಲಕ್ಷದ ತೊಂಬತ್ತು ಸಾವಿರದ ಆಸುಪಾಸು, ಅದರಲ್ಲಿ ಮೂವತ್ತು ಸಾವಿರ ಬಾಕಿ. ಹೀಟರ್ ಹಾಕಿದರೆ ದೀಪ ಮಂಕು, ಅಡುಗೆಮನೆ ಸಾಕೆಟ್ ಸುಟ್ಟ ವಾಸನೆ, ಮಳೆ ಬಂದರೆ ಆರ್‌ಸಿಸಿಬಿ ಟ್ರಿಪ್. ಕಂಟ್ರಾಕ್ಟರ್ ಬಂದು ಟ್ರಿಪ್ ನಿಲ್ಲಿಸಿಕೊಟ್ಟು, ಬಾಕಿ ಕೇಳಿದ. ಮನೆಯವರು ಕೊಡಲ್ಲ ಎಂದರು. ಜಗಳ ಅಲ್ಲಿಂದ.

ಮೊದಲ ಕೆಲಸ, ಯಾರನ್ನೂ ರಿಪೇರಿಗೆ ಬಿಡಬಾರದು. ಬೇರೆ ವೈರ್‌ಮನ್ ಬಂದು ಒಂದು ಸಾಕೆಟ್ ಬದಲಾಯಿಸಿದರೂ ಸಾಕು, ಎದುರು ಪಾರ್ಟಿ ‘ಅವನೇ ಕೆಡಿಸಿದ್ದು’ ಎನ್ನುತ್ತಾನೆ. ಅಪಾಯ ಇರುವ ಸರ್ಕ್ಯೂಟ್‌ನ ಎಂಸಿಬಿ (ಆ ಸರ್ಕ್ಯೂಟಿನ ಟ್ರಿಪ್ ಸ್ವಿಚ್) ಇಳಿಸಿ, ಟೇಪ್ ಸುತ್ತಿ, ಫೋಟೋ ತೆಗೆದಿಡಿ. ಅಷ್ಟೇ.

ಬಾಕ್ಸ್ ಬಿಚ್ಚಿ ಎಳೆ ಎಣಿಸುವುದು ಎಲ್ಲರಿಗೂ ಗೊತ್ತು. 0.3 ಎಂಎಂ ವ್ಯಾಸದ ಎಳೆಯ ಫ್ಲೆಕ್ಸಿಬಲ್ ವೈರಿನಲ್ಲಿ 1.5ಕ್ಕೆ 22 ಎಳೆ, 2.5ಕ್ಕೆ 36, 4ಕ್ಕೆ 56. ಈ ಮನೆಯಲ್ಲಿ ಅಡುಗೆಮನೆ ಸಾಕೆಟ್‌ನಲ್ಲೂ 36, ಡಿಬಿ (ಎಂಸಿಬಿಗಳಿರುವ ಬೋರ್ಡ್) ಕಡೆಯೂ 36. ಇನ್ಸುಲೇಶನ್ ಮೇಲೆ ಐಎಸ್ 694 (ವೈರಿನ ಭಾರತೀಯ ಮಾನದಂಡ) ಮುದ್ರೆ ಕೂಡ ಸರಿಯಾಗಿತ್ತು. ಕಂಟ್ರಾಕ್ಟರ್ ಎದೆಯುಬ್ಬಿಸಿ ನಿಂತಿದ್ದೇ ಇದರ ಮೇಲೆ. ಆದರೆ ಎರಡು ತುದಿಗೆ ಒಂದೊಂದು ಮೀಟರ್ 2.5 ಬಾಲ ಕಟ್ಟಿ, ಪೈಪಿನ ಒಳಗೆ 1.5 ಓಡಿಸುವುದು ಹೊಸ ವಿದ್ಯೆಯಲ್ಲ. 90 ಮೀಟರ್ ಕಾಯಿಲ್ ಒಂದಕ್ಕೆ ಸಾವಿರ ರೂಪಾಯಿಗೆ ಮೇಲೆಯೇ ಉಳಿಯುತ್ತದೆ. ಮನೆಗೆ ಎಂಟು ಹತ್ತು ಕಾಯಿಲ್ ಲೆಕ್ಕ ಹಾಕಿಕೊಳ್ಳಿ.

ಹಾಗಾದರೆ ನಡುವೆ ಇರುವುದನ್ನು ಹಿಡಿಯುವುದು ಹೇಗೆ? ಥರ್ಮಲ್ ಕ್ಯಾಮೆರಾ ಬಾಡಿಗೆಗೆ ತರಿಸಿದೆವು, ಎರಡೂವರೆ ಸಾವಿರ ಹೋಯಿತು. ಡಿಬಿಯಲ್ಲಿ ಸಡಿಲವಿದ್ದ ಒಂದು ಟರ್ಮಿನಲ್ ಬಿಟ್ಟರೆ ಏನೂ ಕಾಣಲಿಲ್ಲ. ಪೈಪಿನೊಳಗಿನ ಗಾಳಿ, ಅದರ ಮೇಲೆ ಪ್ಲಾಸ್ಟರ್ ಸೇರಿ ಬಿಸಿಯನ್ನು ಹರಡಿಬಿಡುತ್ತವೆ. ಕೇಬಲ್ ಟ್ರೇಸರ್ ವೈರ್ ಹೋದ ದಾರಿ ತೋರಿಸುತ್ತದೆ, ದಪ್ಪ ತೋರಿಸಲ್ಲ. ಹೀಟರ್ ಹಾಕುವ ಮುಂಚೆ ಒಂದು ವೋಲ್ಟೇಜ್, ಹಾಕಿದ ಮೇಲೆ ಒಂದು ವೋಲ್ಟೇಜ್ ನೋಡಿ ಕಳೆಯುವ ಹಳೆಯ ಲೆಕ್ಕವೂ ಇಲ್ಲಿ ಕೈಕೊಟ್ಟಿತು. ಸುತ್ತಮುತ್ತ ಗದ್ದೆ ಪಂಪ್‌ಸೆಟ್‌ಗಳು. ಸಪ್ಲೈ ತಾನಾಗಿಯೇ ಐದಾರು ವೋಲ್ಟ್ ಆಡುವಾಗ, ನಾವು ಹುಡುಕುವ ಎರಡು ವೋಲ್ಟ್ ಅದರೊಳಗೆ ಮುಳುಗಿ ಹೋಗುತ್ತದೆ.

ಕೊನೆಗೆ ಕೆಲಸ ಮಾಡಿದ್ದು ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ಅಳತೆ. ಅರ್ಥ್ ವೈರ್‌ನಲ್ಲಿ ಕರೆಂಟ್ ಹರಿಯಲ್ಲ, ಆದ್ದರಿಂದ ಅದು ಡಿಬಿಯ ಅರ್ಥ್ ಬಾರ್ ಅನ್ನೇ ಸಾಕೆಟ್‌ವರೆಗೆ ತಂದುಕೊಡುವ ಉದ್ದದ ಪ್ರೋಬ್ ಇದ್ದ ಹಾಗೆ. ಹೀಟರ್ ಓಡುತ್ತಿರುವಾಗ ಸಾಕೆಟ್‌ನಲ್ಲಿ ನ್ಯೂಟ್ರಲ್-ಅರ್ಥ್ ವೋಲ್ಟೇಜ್ ನೋಡಿ, ಅದೇ ಹೊತ್ತಿಗೆ ಡಿಬಿಯಲ್ಲಿ ಇನ್ನೊಂದು ಮೀಟರ್‌ನಿಂದ ಅದನ್ನೇ ನೋಡಿ ಕಳೆದರೆ, ಉಳಿಯುವುದು ನ್ಯೂಟ್ರಲ್ ವೈರ್ ಒಂದರ ಡ್ರಾಪ್, ಅಂದರೆ ವೋಲ್ಟೇಜ್ ಇಳಿತ. ವೈರ್ ಸಣ್ಣದಾದಷ್ಟೂ ಅದು ಹೆಚ್ಚು. ಸಪ್ಲೈ ಎಷ್ಟು ಆಡಿದರೂ ಈ ಅಂಕಿ ಹೆಚ್ಚು ಅಲ್ಲಾಡಲ್ಲ. ಲೋಡ್ ಆಗಿ ಥರ್ಮೋಸ್ಟಾಟ್ ಕಟ್ ಆಗದ 2 ಕಿಲೋವ್ಯಾಟ್ ಕಾಯಿಲ್ ಹೀಟರ್ ಬೇಕು. ಇಂಡಕ್ಷನ್ ಸ್ಟವ್ ಬೇಡ, ಅದು ಆನ್-ಆಫ್ ಆಗುತ್ತಾ ರೀಡಿಂಗ್ ಕೆಡಿಸುತ್ತದೆ. ಆ ಹೊತ್ತಿನಲ್ಲಿ ಮನೆಯ ಉಳಿದೆಲ್ಲ ಎಂಸಿಬಿ ಕೆಳಗಿರಲಿ. ಕರೆಂಟನ್ನು ಕ್ಲ್ಯಾಂಪ್ ಮೀಟರ್‌ನಲ್ಲಿ ನೋಡಿ ಬರೆದುಕೊಳ್ಳಿ.

ಲೆಕ್ಕ ಇಷ್ಟು. ಫ್ಲೆಕ್ಸಿಬಲ್ ತಾಮ್ರದ ವೈರ್ 20 ಡಿಗ್ರಿಯಲ್ಲಿ ಕಿಲೋಮೀಟರಿಗೆ 1.5ಕ್ಕೆ 13.3 ಓಮ್, 2.5ಕ್ಕೆ 7.98, 4ಕ್ಕೆ 4.95. ನಮ್ಮ ಸೆಖೆಗೆ ನೂರಕ್ಕೆ ನಾಲ್ಕು ಸೇರಿಸಿಕೊಳ್ಳಿ. ಡಿಬಿಯಿಂದ ಅಡುಗೆಮನೆ ಸಾಕೆಟ್‌ಗೆ ಪೈಪ್ ಸುಮಾರು 18 ಮೀಟರ್, ಕರೆಂಟ್ 8.6 ಆಂಪ್. 2.5 ಇದ್ದರೆ ನ್ಯೂಟ್ರಲ್ ಡ್ರಾಪ್ 1.3 ವೋಲ್ಟ್ ಬರಬೇಕು, 1.5 ಇದ್ದರೆ 2.1. ಬಂದದ್ದು 2.2ರ ಹತ್ತಿರ.

‘ಪೈಪ್ ಸುತ್ತಿಕೊಂಡು ಹೋಗಿದೆ, ಉದ್ದ ಜಾಸ್ತಿ’ ಎಂಬ ಮಾತು ಬಂದೇ ಬರುತ್ತದೆ. ನಾನು ಅದಕ್ಕೆ ಉತ್ತರ ಮೊದಲೇ ಬರೆದಿಟ್ಟಿದ್ದೆ. 2.5 ವೈರ್‌ನಲ್ಲಿ 2.2 ವೋಲ್ಟ್ ಬೀಳಬೇಕಾದರೆ ಉದ್ದ 31 ಮೀಟರ್, ಅಂದರೆ ನೂರು ಅಡಿ ಇರಬೇಕು. 30×40 ಸೈಟಿನ ಮೂಲೆಯಿಂದ ಮೂಲೆಗೇ 50 ಅಡಿ. ಹತ್ತಿ ಇಳಿಯಲು ಇನ್ನು 20 ಅಡಿ ಸೇರಿಸಿದರೂ 70. ಡಿಬಿ ಮತ್ತು ಅಡುಗೆಮನೆ ಎರಡೂ ಕೆಳಮಹಡಿಯಲ್ಲೇ ಇರುವಾಗ ನೂರು ಅಡಿ ಎಲ್ಲಿಂದ ತರುತ್ತಾನೆ? ಈ ಒಂದು ಪ್ಯಾರಾ ನನ್ನ ರಿಪೋರ್ಟ್‌ನಲ್ಲಿ ಅತ್ಯಂತ ಬಲವಾದದ್ದು ಎಂದು ಈಗಲೂ ಹೇಳುತ್ತೇನೆ.

ಎರಡನೇ ಆಕ್ಷೇಪ: ‘ವೈರ್ ಸರಿ ಇದೆ, ಎಲ್ಲೋ ಜಾಯಿಂಟ್ ಸಡಿಲ.’ ಪೈಪಿನೊಳಗೆ ಜಾಯಿಂಟ್ ಇರುವುದೇ ತಪ್ಪು, ಆ ಮಾತು ಬೇರೆ. ಆದರೂ ಬೇರ್ಪಡಿಸಿ ತೋರಿಸಬಹುದು. ಡಿಬಿ, ಸಾಕೆಟ್ ಎರಡೂ ಕಡೆ ಒಂದೇ ಹೊತ್ತಿಗೆ ಅಳೆದ ಒಟ್ಟು ಡ್ರಾಪ್‌ನಿಂದ ನ್ಯೂಟ್ರಲ್ ಪಾಲು ಕಳೆದರೆ ಫೇಸ್ ಪಾಲು ಸಿಗುತ್ತದೆ. ಎರಡೂ ಹೆಚ್ಚೂಕಡಿಮೆ ಸಮ ಇದ್ದರೆ ವೈರ್ ಸಣ್ಣದು, ಒಂದೇ ಕಡೆ ಜಾಸ್ತಿ ಇದ್ದರೆ ಜಾಯಿಂಟ್. ಹೀಟರನ್ನು ಇಪ್ಪತ್ತು ನಿಮಿಷ ಓಡಿಸಿ. ಕೆಟ್ಟ ಜಾಯಿಂಟ್‌ನ ರೀಡಿಂಗ್ ಏರುತ್ತಾ ಕುಣಿಯುತ್ತದೆ, ಸಣ್ಣ ವೈರ್‌ನದು ಸ್ವಲ್ಪ ಏರಿ ನಿಂತುಬಿಡುತ್ತದೆ. ಬಾಲ ಕಟ್ಟಿದ ಜಾಗ ಯಾವ ಎರಡು ಬಾಕ್ಸ್ ನಡುವೆ ಇದೆ ಎಂದು ಅಡಿ ಲೆಕ್ಕದಲ್ಲಿ ಹೇಳುವ ಉಪಾಯವೂ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಇದನ್ನು ಅಂಥ ಕಂಟ್ರಾಕ್ಟರ್‌ಗಳೂ ಓದುತ್ತಾರೆ.

ಇನ್ನೊಂದು ಎಚ್ಚರಿಕೆ. ಅಲ್ಯುಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ 2.5 ವೈರ್ ಕೂಡ ಈ ಪರೀಕ್ಷೆಯಲ್ಲಿ 1.5 ತಾಮ್ರದ ಹಾಗೆಯೇ ರೀಡಿಂಗ್ ಕೊಡುತ್ತದೆ. ಅದನ್ನು ತೂಕದಲ್ಲಿ ಹಿಡಿಯಬೇಕು. ಒಂದು ಮೀಟರ್ ವೈರ್ ಸುಲಿದು ಬರೀ ಲೋಹ ತೂಗಿದರೆ 2.5 ಶುದ್ಧ ತಾಮ್ರ 22 ಗ್ರಾಂ ಚಿಲ್ಲರೆ, 1.5 ಆದರೆ 13 ಚಿಲ್ಲರೆ. ಮೈಸೂರಿನ ಇನ್ನೊಂದು ಮನೆಯ ತುಂಡನ್ನು ಅಶೋಕ ರಸ್ತೆಯ ಚಿನ್ನದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದಾಗ 2.5 ಅಂತ ಬರೆದಿದ್ದ ವೈರ್ 9 ಗ್ರಾಂ ಆಸುಪಾಸು ಬಂತು. ಬ್ಲೇಡಿನಲ್ಲಿ ಕೆರೆದರೆ ಒಳಗೆ ಬಿಳಿ.

ಆರ್‌ಸಿಸಿಬಿ ವಿಷಯ ಇದಕ್ಕಿಂತ ಗಂಭೀರ. ಟೆಸ್ಟ್ ಬಟನ್ ಒತ್ತಿದರೆ ಲಿವರ್ ಬಿತ್ತು, ಮನೆಯ ದೀಪ ಮಾತ್ರ ಉರಿಯುತ್ತಲೇ ಇತ್ತು. ಕವರ್ ತೆಗೆದರೆ ಒಳಬರುವ ವೈರ್, ಹೊರಹೋಗುವ ವೈರ್ ಎರಡನ್ನೂ ಮೇಲಿನ ಟರ್ಮಿನಲ್‌ಗೇ ಸೇರಿಸಿದ್ದಾನೆ. ಟ್ರಿಪ್ ನಿಲ್ಲಿಸಿಕೊಟ್ಟದ್ದು ಹೀಗೆ. ಮಕ್ಕಳಿರುವ ಮನೆಯಲ್ಲಿ ಇದು ಕ್ಷಮಿಸುವಂಥದ್ದಲ್ಲ. ಬರೀ ಬಟನ್ ಒತ್ತಿ ಲಿವರ್ ನೋಡಿ ಬಂದರೆ ಇದು ತಪ್ಪಿಹೋಗುತ್ತದೆ, ಲೋಡ್ ಆರಿತೇ ಎಂದೂ ನೋಡಬೇಕು. ಮಳೆಗೆ ಟ್ರಿಪ್ ಆಗುತ್ತಿದ್ದ ನಿಜ ಕಾರಣ ಸಂಪ್ ಮೋಟಾರ್ ಕೇಬಲ್‌ನ ಜಾಯಿಂಟ್. ನೆಲದಲ್ಲಿ ಬರೀ ಟೇಪ್ ಸುತ್ತಿ ಹೂತಿದ್ದ. 500 ವೋಲ್ಟ್ ಮೆಗ್ಗರ್‌ನಲ್ಲಿ ಕನಿಷ್ಠ 1 ಮೆಗಾಓಮ್ ಬೇಕಾದಲ್ಲಿ 0.05 ತೋರಿಸಿತು. ಮೆಗ್ಗರ್ ಹಾಕುವ ಮುಂಚೆ ಎಲ್‌ಇಡಿ, ಸರ್ಜ್ ಪ್ರೊಟೆಕ್ಟರ್ ಎಲ್ಲ ಬಿಚ್ಚಿ. ಇಲ್ಲದಿದ್ದರೆ ಸುಳ್ಳು ರೀಡಿಂಗ್ ಬರುತ್ತದೆ, ಎದುರಿನವನು ಅದನ್ನೇ ಹಿಡಿದುಕೊಳ್ಳುತ್ತಾನೆ.

ಅರ್ಥ್ ಪಿಟ್ ಎರಡರ ಬದಲು ಒಂದು, ಅದೂ ಮೂರಡಿ ಪೈಪ್. ಅರ್ಥಿಂಗ್‌ನ ಮಾನದಂಡ ಐಎಸ್ 3043 ಪ್ರಕಾರ ಪೈಪ್ ಎಲೆಕ್ಟ್ರೋಡ್ ಎರಡೂವರೆ ಮೀಟರ್ ಇರಬೇಕು. ಅರ್ಥ್ ರೆಸಿಸ್ಟೆನ್ಸ್ ಅಳೆಯುವ ಮೂರು ಪಿನ್ ಟೆಸ್ಟರ್‌ಗೆ ಮನೆಯ ಒಳಗೆ ಜಾಗ ಸಾಲದು. ಪಕ್ಕದ ಖಾಲಿ ಸೈಟಿನಲ್ಲಿ ದೂರದ ಕಂಬಿ 20 ಮೀಟರಿಗೆ, ನಡುವಿನದು 12ರ ಆಸುಪಾಸಿಗೆ ಹೊಡೆದೆವು. ಬೇಸಿಗೆಯಲ್ಲಿ 40 ಓಮ್ ಹತ್ತಿರ ಬಂತು. ಕುತೂಹಲಕ್ಕೆ ಎರಡು ಬಕೆಟ್ ಉಪ್ಪುನೀರು ಸುರಿದು ನೋಡಿದೆ: 15ಕ್ಕೆ ಇಳಿಯಿತು, ವಾರದೊಳಗೆ ಮತ್ತೆ ಮೂವತ್ತು ದಾಟಿತು. ಎರಡೂ ಕಡೆಯವರ ಎದುರಿನ ಜಂಟಿ ಪರಿಶೀಲನೆಯ ಬೆಳಗ್ಗೆ ಪಿಟ್ ಸುತ್ತ ಮಣ್ಣು ಒದ್ದೆ ಇದೆಯೇ ಎಂದು ನೋಡಲು ಹೇಳುವುದು ಇದಕ್ಕೇ.

ಕಾಗದಪತ್ರಕ್ಕೆ ಬಂದರೆ, ಹೆಚ್ಚಿನವರು ಬಿಡುವ ಒಂದು ದಾಖಲೆ ಇದೆ. ಸಂಪರ್ಕ ಪಡೆಯುವಾಗ ಇಲ್ಲಿನ ವಿದ್ಯುತ್ ಸರಬರಾಜು ಕಂಪನಿ ಸೆಸ್ಕ್‌ಗೆ ಕೊಟ್ಟ ವೈರಿಂಗ್ ಮುಕ್ತಾಯ ಮತ್ತು ಪರೀಕ್ಷಾ ವರದಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಅರ್ಜಿ ಹಾಕಿ ಪ್ರತಿ ತೆಗೆಸಿದೆವು. ಅದರಲ್ಲಿ ಅರ್ಥ್ 2 ಓಮ್, ಪಿಟ್ ಎರಡು ಎಂದು ಬರೆದು ಸಹಿ ಹಾಕಿದವನು ಬೇರೊಬ್ಬ ಲೈಸೆನ್ಸ್‌ದಾರ. ಕೆಲಸ ಮಾಡಿದವನಿಗೆ ಲೈಸೆನ್ಸೇ ಇರಲಿಲ್ಲ. ಇಬ್ಬರನ್ನೂ ಎದುರುದಾರರನ್ನಾಗಿ ಮಾಡಬೇಕು. ಸಹಿ ಹಾಕಿದವನಿಗೆ ವಿದ್ಯುತ್ ಪರಿವೀಕ್ಷಣಾಲಯದಲ್ಲಿ ಲೈಸೆನ್ಸ್ ಹೋಗುವ ಭಯ ಇರುತ್ತದೆ. ಇಲ್ಲಿ ರಾಜಿಗೆ ಮೊದಲು ಬಂದವನೂ ಅವನೇ.

ಅಳತೆಯ ದಿನ, ಹೊತ್ತು, ಯಾವ ಮೀಟರ್ ಎಂದು ಬರೆದು ಇಬ್ಬರಿಗೂ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್ ಕಳಿಸಿ ಕರೆದೆವು. ಮೀಟರ್‌ಗಳಿಗೆ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ನ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಮಾಡಿಸಿದ್ದೆ, ಒಂದೂವರೆ ಸಾವಿರದಷ್ಟು ಖರ್ಚು. ಕಂಟ್ರಾಕ್ಟರ್ ಬಂದು ನಿಂತು ನೋಡಿ, ಸಹಿ ಹಾಕದೆ ಹೋದ. ವಿಡಿಯೋದಲ್ಲಿ ಇದ್ದಾನಲ್ಲ, ಸಾಕು. ವಿಡಿಯೋ, ವಾಟ್ಸಾಪ್ ಪ್ರತಿಗಳ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ (ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ) ಪ್ರಮಾಣಪತ್ರ ಲಗತ್ತಿಸಿ.

ದೂರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ಗ್ರಾಹಕ ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಕಾರಣ ಹುಟ್ಟಿದ ದಿನದಿಂದ 2 ವರ್ಷದ ಗಡುವು. ಎದುರುದಾರನಿಗೆ ಉತ್ತರ ಕೊಡಲು 30 ದಿನ, ಮೇಲೆ ಹೆಚ್ಚೆಂದರೆ 15. ಅದಕ್ಕಿಂತ ಒಂದು ದಿನವೂ ಸಿಗಲ್ಲ, 2020ರಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಹಾಗೆ ಹೇಳಿದೆ. ಪರಿಹಾರವನ್ನು ‘ಎರಡು ಲಕ್ಷ ಕೊಡಿಸಿ’ ಅಂತ ಇಡಿಯಾಗಿ ಕೇಳಬೇಡಿ. ವೈರ್, ಆರ್‌ಸಿಸಿಬಿ, ಕೂಲಿ, ಗೋಡೆ ಕೊರೆತ, ಪೇಂಟ್ ಎಂದು ಬಿಡಿಸಿ, ಬೇರೆ ಇಬ್ಬರು ಲೈಸೆನ್ಸ್‌ದಾರರ ಎಸ್ಟಿಮೇಟ್ ಇಡಿ. ನಮ್ಮ ಲೆಕ್ಕ ತೊಂಬತ್ತೈದು ಸಾವಿರದ ಹತ್ತಿರ ಇತ್ತು. ನನ್ನ ರಿಪೋರ್ಟ್ ಓದಿದ ಮೇಲೆ ಆಯೋಗ ಎರಡೂ ಕಡೆಯವರ ಒಪ್ಪಿಗೆ ಪಡೆದು ಮಧ್ಯಸ್ಥಿಕೆಗೆ ಕಳಿಸಿತು. ಎಂಬತ್ತು ಸಾವಿರ ಆಸುಪಾಸು ವಾಪಸ್, ಬಾಕಿ ಮೂವತ್ತು ಸಾವಿರ ಮನ್ನಾ. ಪರೀಕ್ಷೆ, ಬಾಡಿಗೆ, ಅಂಚೆ ಎಲ್ಲ ಸೇರಿ ಖರ್ಚು ಹತ್ತು ಸಾವಿರದೊಳಗೆ.

ರೀವೈರಿಂಗ್ ನಾನೇ ಮಾಡಿಸಿದೆ. ಅಡುಗೆಮನೆ ಪೈಪಿನಿಂದ ಎಳೆದಾಗ ನಡುವೆ 22 ಎಳೆಯ ವೈರ್ ಹೊರಬಂತು, ಎರಡು ಕಡೆ ಬರೀ ತಿರುಚಿ ಟೇಪ್ ಸುತ್ತಿದ ಜಾಯಿಂಟ್. ಹೊಸ 2.5 ಹಾಕಿ ಅದೇ ಹೀಟರ್ ಓಡಿಸಿದರೆ ನ್ಯೂಟ್ರಲ್ ಡ್ರಾಪ್ 1.3. ಹಳೆಯ ವೈರ್‌ಗೆ ಸರ್ಕ್ಯೂಟ್ ಹೆಸರಿನ ಚೀಟಿ ಕಟ್ಟಿ, ಚೀಲದಲ್ಲಿ ಹಾಕಿ ಸಾಕ್ಷಿಗಳ ಸಹಿಯೊಂದಿಗೆ ಸೀಲ್ ಮಾಡಿಟ್ಟಿದ್ದಾರೆ. ರಾಜಿಯ ಬದಲು ಆದೇಶ ಬಂದಿದ್ದರೆ ಮೇಲ್ಮನವಿಗೆ 45 ದಿನ ಇರುತ್ತದೆ. ಅದು ಕಳೆಯುವವರೆಗೆ ಆ ಚೀಲ ಗುಜರಿಗೆ ಹೋಗಬಾರದು.