ಕೊಟ್ಟಿಗೆಯ ಹೆಗ್ಗಣಕ್ಕೆ ಎಂಥ ಸ್ಕೋಪ್ ಬೇಕು?

ನಮ್ಮದು ತೀರ್ಥಹಳ್ಳಿ ಕಡೆಯ ಮನೆ. ಕೊಟ್ಟಿಗೆಗೆ ಅಂಟಿಕೊಂಡೇ ಹಿಂಡಿ, ಬೂಸಾ ಇಡುವ ಕೋಣೆ. ಅದರಾಚೆ ಅಡಿಕೆ ಮೂಟೆ ಪೇರಿಸುವ ಜಾಗ. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಹೆಗ್ಗಣಗಳು ಮಣ್ಣುಗೋಡೆಯ ಬುಡ ಕೊರೆದು ಒಳಗೆ ಬಂದವು. ಹಿಂಡಿ ಚೀಲ ಒಂದೂ ನೆಟ್ಟಗೆ ಉಳಿಯಲಿಲ್ಲ. ಬೋನಿಗೆ ಮರಿಗಳು ಬಿದ್ದವು, ದೊಡ್ಡವು ಹತ್ತಿರವೂ ಸುಳಿಯಲಿಲ್ಲ. ಪಾಷಾಣ ಇಡಲು ನನಗೆ ಮನಸ್ಸಿಲ್ಲ. ಹಿಂದೊಮ್ಮೆ ಇಟ್ಟಾಗ ಸತ್ತದ್ದು ನಮ್ಮ ಬೆಕ್ಕು. ಹಾಗಾಗಿ ಸ್ಪ್ರಿಂಗಿನ ಬಲದಿಂದ ಗಾಳಿ ಒತ್ತಿ ಪೆಲೆಟ್ ಎಂಬ ಸಣ್ಣ ಗುಂಡು ಹಾರಿಸುವ ಸ್ಪ್ರಿಂಗ್ ಏರ್‌ಗನ್ ತಂದೆ.

ಇಲ್ಲೊಂದು ಮಾತು ಹೇಳಲೇಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಹೊಡೆತದ ಶಕ್ತಿ 20 ಜೂಲ್ ಮೀರದ, ನಳಿಗೆಯ ಒಳ ಅಗಲ 0.177 ಇಂಚಿನ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಹಾಗಂತ ತೋಟಕ್ಕೆ ಬರುವ ಮಂಗ, ಹಂದಿ, ನವಿಲಿನ ಕಡೆ ನಳಿಗೆ ತಿರುಗಿಸುವಂತಿಲ್ಲ. ಅವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ನಾನು ಬರೆಯುತ್ತಿರುವುದು ಕೊಟ್ಟಿಗೆಯ ಹೆಗ್ಗಣದ ವಿಷಯ ಮಾತ್ರ.

ಮೊದಲು ಕೊಂಡದ್ದು ಆರುನೂರು ರೂಪಾಯಿಯ ಸ್ಕೋಪ್, ಅಂದರೆ ಬಂದೂಕಿನ ಮೇಲೆ ಕೂರಿಸಿ ಗುರಿ ನೋಡುವ ದುರ್ಬೀನು. ಮೂರು ವಾರಕ್ಕೆ ಒಳಗಿನ, ಗುರಿ ತೋರುವ ಅಡ್ಡಗೆರೆ ವಾಲಿಕೊಂಡಿತು. ಸ್ಪ್ರಿಂಗ್ ಏರ್‌ಗನ್ ಕೋವಿಯ ಹಾಗೆ ಹಿಂದಕ್ಕೆ ಮಾತ್ರ ಒದೆಯುವುದಿಲ್ಲ. ಒಳಗೆ ಗಾಳಿ ಒತ್ತುವ ಪಿಸ್ಟನ್ ಮುಂದೆ ನುಗ್ಗುವಾಗ ಬಂದೂಕು ಹಿಂದಕ್ಕೆ ಸರಿಯುತ್ತದೆ, ಪಿಸ್ಟನ್ ಕೊನೆಗೆ ಹೋಗಿ ಬಡಿದಾಗ ಮುಂದಕ್ಕೆ ಜಗ್ಗುತ್ತದೆ. ದೊಡ್ಡ ರೈಫಲ್ ಮೇಲೆ ಬಾಳುವ ಸ್ಕೋಪ್ ಕೂಡ ಈ ಎರಡು ಕಡೆಯ ಏಟಿಗೆ ಒಳಗಿಂದ ಸಡಿಲಾಗಬಹುದು. ಆದ್ದರಿಂದ ಸ್ಪ್ರಿಂಗ್ ಏರ್‌ಗನ್‌ಗೆ ಆಗುತ್ತದೆ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೇಳಿ ತೆಗೆದುಕೊಳ್ಳಿ.

ಎರಡನೆಯ ಸಲ ನಾಲ್ಕು ಸಾವಿರ ರೂಪಾಯಿ ಎತ್ತಿಟ್ಟೆ. ಅಂಗಡಿಯವರು ತೋರಿಸಿದ್ದು 3-9x40, ಅಂದರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ, ಮುಂದಿನ ಗಾಜು 40 ಮಿಲಿಮೀಟರ್ ಅಗಲದ್ದು. ಎದುರು ರಸ್ತೆಯ ಬೋರ್ಡು ಒಂಬತ್ತು ಪಟ್ಟು ಹತ್ತಿರ ಬಂದಾಗ ಆಸೆಯಾಯಿತು. ಆದರೆ ನಮ್ಮ ಕೊಟ್ಟಿಗೆ ಕೋಣೆಯ ಈ ತುದಿಯಿಂದ ಆ ತುದಿಗೆ 15 ಮೀಟರ್ ದಾಟುವುದಿಲ್ಲ. ಆ ಸ್ಕೋಪಿನ ಗಾಜು 100 ಗಜಕ್ಕೆ ಹೊಂದಿಸಿದ್ದು. ಅಷ್ಟು ಹತ್ತಿರದಲ್ಲಿ ಕಣ್ಣು ಸ್ವಲ್ಪ ಅತ್ತಿತ್ತ ಆದರೂ ಗೆರೆ ಗುರಿಯ ಮೇಲೆ ಜಾರುತ್ತದೆ. ಇದಕ್ಕೆ ಪ್ಯಾರಲ್ಯಾಕ್ಸ್ ಎನ್ನುತ್ತಾರೆ. 40 ಮಿಲಿಮೀಟರ್ ಗಾಜಿನಲ್ಲಿ, 15 ಮೀಟರಿಗೆ, ಈ ತಪ್ಪು ಒಂದೂವರೆ ಸೆಂಟಿಮೀಟರ್‌ವರೆಗೂ ಹೋಗಬಹುದು. ಹೆಗ್ಗಣದ ತಲೆಗೂ ಕುತ್ತಿಗೆಗೂ ಇರುವ ಅಂತರವೇ ಅಷ್ಟು. ತಲೆಗೆ ಬೀಳಬೇಕಾದದ್ದು ಬೇರೆಲ್ಲೋ ಬಿದ್ದರೆ ಪ್ರಾಣಿ ನರಳುತ್ತಾ ಬಿಲ ಸೇರುತ್ತದೆ. ಅದು ನನಗೆ ಆಗದ ಮಾತು.

ನೀವೇ ಪರೀಕ್ಷೆ ಮಾಡಿ ನೋಡಬಹುದು. ಬಂದೂಕನ್ನು ಮರಳಿನ ಚೀಲದ ಮೇಲೆ ಅಲುಗದಂತೆ ಇಟ್ಟು, ಮುಟ್ಟದೆ, ತಲೆಯನ್ನಷ್ಟೇ ಆಡಿಸಿ. ಗೆರೆ ಗುರಿ ಬಿಟ್ಟು ಓಡಾಡಿದರೆ ಆ ಸ್ಕೋಪ್ ಆ ದೂರಕ್ಕೆ ಸಲ್ಲದು.

ಕೊನೆಗೆ ಕೊಂಡದ್ದು ಮುಂದಿನ ಗಾಜು ತಿರುಗಿಸಿ ಹತ್ತು ಗಜದವರೆಗೂ ಹೊಂದಿಸಬಹುದಾದ 3-9x32. ಒಂಬತ್ತಕ್ಕೆ ತಿರುಗಿಸುವುದೇ ಇಲ್ಲ, ನಾಲ್ಕರಲ್ಲಿ ಇಟ್ಟಿದ್ದೇನೆ. 32ನ್ನು ನಾಲ್ಕರಿಂದ ಭಾಗಿಸಿದರೆ 8. ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ 8 ಮಿಲಿಮೀಟರ್. ಕತ್ತಲಲ್ಲಿ ಪಾಪೆ ಅರಳುವುದೇ ಹೆಚ್ಚೆಂದರೆ 7ರಷ್ಟು. ಒಂಬತ್ತರಲ್ಲಿ ಇದೇ ಗಾಜು ಮೂರೂವರೆಗೆ ಇಳಿದು ಮಬ್ಬಾಗುತ್ತದೆ. ಜೊತೆಗೆ ಒಂದು ಕೆಂಪು ಟಾರ್ಚು. ಕೆಂಪು ಬೆಳಕು ಇಲಿಗಳಿಗೆ ಅಷ್ಟಾಗಿ ಕಾಣುವುದಿಲ್ಲ, ಹಿಂಡಿ ತಿನ್ನುತ್ತಲೇ ಇರುತ್ತವೆ.

ದುಡ್ಡಿನಲ್ಲಿ ಒಂದು ಪಾಲನ್ನು, ಸ್ಕೋಪನ್ನು ಬಂದೂಕಿಗೆ ಬಿಗಿಯುವ ಮೌಂಟ್‌ಗೆ ಉಳಿಸಿಕೊಳ್ಳಿ. ಏರ್‌ಗನ್ ಬೆನ್ನ ಮೇಲಿನ ಹಳಿ ಸಾಮಾನ್ಯವಾಗಿ 11 ಮಿಲಿಮೀಟರ್. ಅಗಲ ಹಳಿಯ ಮೌಂಟ್ ಅದಕ್ಕೆ ಕೂರದು. ಬಿಡಿ ಉಂಗುರಗಳಿಗಿಂತ ಒಂದೇ ತುಂಡಿನದು, ಕೆಳಗೆ ತಡೆಮೊಳೆ ಇರುವುದು ಒಳ್ಳೆಯದು. ಆ ಮೊಳೆ ಇಲ್ಲದಿದ್ದರೆ ಪ್ರತಿ ಏಟಿಗೂ ಸ್ಕೋಪ್ ಕೂದಲೆಳೆಯಷ್ಟು ಹಿಂದೆ ಜಾರುತ್ತದೆ.

ಗುರಿ ಕೂರಿಸಿದ್ದು ಅಡಿಕೆ ಅಂಗಳದಲ್ಲಿ, 15 ಮೀಟರಿಗೆ. ಸ್ಕೋಪಿನ ಗುಂಡಿ ತಿರುಗಿಸುವಾಗಿನ ಒಂದು ಕ್ಲಿಕ್ಕಿಗೆ ಗುರಿ 100 ಗಜದಲ್ಲಿ ಕಾಲಿಂಚು ಸರಿಯುತ್ತದೆ ಎಂದರೆ ಇಲ್ಲಿ ಹೆಚ್ಚುಕಮ್ಮಿ ಒಂದು ಮಿಲಿಮೀಟರ್. ಪೆಲೆಟ್ ಮೂರು ಸೆಂಟಿಮೀಟರ್ ಎಡಕ್ಕೆ ಬೀಳುತ್ತಿತ್ತು. ಮೂವತ್ತರ ಹತ್ತಿರ ಕ್ಲಿಕ್ ತಿರುಗಿಸಿದ ಮೇಲೆ ಸರಿಹೋಯಿತು. ಆದರೂ ಮೊದಲ ರಾತ್ರಿ ಐದು ಮೀಟರಿನಲ್ಲಿ ಕೂತಿದ್ದ ಹೆಗ್ಗಣ ತಪ್ಪಿತು. "ಇಷ್ಟು ಹತ್ತಿರದ್ದೂ ತಪ್ಪಿತೇನೋ?" ಎಂದರು ಅಪ್ಪಯ್ಯ. ಬೆಳಿಗ್ಗೆ ಗೋಡೆಗೆ ಒರಗಿಸಿದ್ದ ಹಲಗೆಯಲ್ಲಿ ಪೆಲೆಟ್ ತಾಗಿದ ಜಾಗ ನೋಡಿದಾಗ ತಿಳಿಯಿತು: ಸ್ಕೋಪ್ ನಳಿಗೆಗಿಂತ ನಾಲ್ಕು ಸೆಂಟಿಮೀಟರ್ ಮೇಲಿದೆ, ಪೆಲೆಟ್ ಆ ಎತ್ತರಕ್ಕೆ ಏರುವ ಮೊದಲೇ ಗುರಿ ಬಂದುಬಿಟ್ಟಿತ್ತು. ಐದು ಮೀಟರಿಗೆ ಎರಡು ಸೆಂಟಿಮೀಟರ್ ಮೇಲೆ ಹಿಡಿಯಬೇಕು. ಈಗ 5, 8, 10, 15 ಮೀಟರಿಗೆ ಎಷ್ಟು ಮೇಲೆ ಹಿಡಿಯಬೇಕೆಂದು ಕಾಗದದ ಮೇಲೆ ಹೊಡೆದು ನೋಡಿ, ಚೀಟಿ ಬರೆದು ಬಂದೂಕಿನ ಹಿಡಿಗೆ ಅಂಟಿಸಿದ್ದೇನೆ.

ಹಸು ಒಳಗಿದ್ದಾಗ ಹೊಡೆಯುವುದಿಲ್ಲ. ಕಲ್ಲುಗೋಡೆಗೆ ಬಡಿದ ಪೆಲೆಟ್ ಹಿಂದಿರುಗುತ್ತದೆ, ಅದಕ್ಕೇ ಹಿಂಡಿ ಕೋಣೆಯ ಗೋಡೆಗೆ ದಪ್ಪ ಹಲಗೆ ಒರಗಿಸಿದ್ದೇನೆ. ಸತ್ತ ಹೆಗ್ಗಣವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಇಲಿಜ್ವರದ ಭಯವಿದೆ.

ನಮ್ಮ ಮಳೆಯಲ್ಲಿ ಗಾಜಿಗೆ ಬೂಷ್ಟು ಹಿಡಿಯುವುದೇ ದೊಡ್ಡ ತಲೆನೋವು. ನೈಟ್ರೋಜನ್ ತುಂಬಿದ ಸ್ಕೋಪ್ ಒಳಗಡೆ ಮಂಜು ಕಟ್ಟುವುದಿಲ್ಲ, ಆದರೆ ಹೊರಗಾಜಿಗೆ ನಾವೇ ದಿಕ್ಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ಮುಗಿದ ಕೂಡಲೇ ಒಣ ಹತ್ತಿಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇನೆ. ಪೊಟ್ಟಣ ತೇವ ಹೀರಿಕೊಂಡ ಮೇಲೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಮತ್ತೆ ಹಾಕಿದರಾಯಿತು.