ಐವತ್ತು ದಾಟಿದ ಚರ್ಮಕ್ಕೆ ಕಡಿಮೆ ಬೆಲೆಯ ಕ್ರೀಮ್: ಆರಿಸುವುದು, ಪರೀಕ್ಷಿಸುವುದು

ಮುಟ್ಟು ನಿಂತ ಮೇಲೆ ಚರ್ಮದ ಎಣ್ಣೆಯಂಶ ತಗ್ಗುತ್ತದೆ, ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನ್ ಆದ ಕೊಲಾಜೆನ್ ಬೇಗ ಇಳಿಯುತ್ತದೆ. ಒಣಗಿದ ಮುಖದಲ್ಲಿ ಗೆರೆಗಳು ಇನ್ನಷ್ಟು ಎದ್ದು ಕಾಣುತ್ತವೆ. ಆದ್ದರಿಂದ ಕ್ರೀಮಿನ ಮೊದಲ ಕೆಲಸ ತೇವ ಹಿಡಿದಿಡುವುದು. ಅದಕ್ಕೆ ಸಾವಿರಾರು ರೂಪಾಯಿ ಬೇಕಿಲ್ಲ.

ಡಬ್ಬಿಯ ಮುಂಭಾಗ ಬಿಡಿ, ಹಿಂಭಾಗದಲ್ಲಿರುವ ಘಟಕಗಳ ಪಟ್ಟಿ ಓದಿ. ಹೆಚ್ಚು ಪ್ರಮಾಣದಲ್ಲಿರುವುದು ಮೊದಲು ಬರುತ್ತದೆ. ಮೊದಲ ಐದಾರು ಹೆಸರುಗಳಲ್ಲಿ ತೇವ ಎಳೆದುಕೊಳ್ಳುವ ಗ್ಲಿಸರಿನ್ ಇರಲಿ, ನೀರು ಆರದಂತೆ ತಡೆಯಲು ಪೆಟ್ರೋಲೇಟಮ್, ಡೈಮೆಥಿಕೋನ್ ಅಥವಾ ಶಿಯಾ ಬಟರ್ ಇರಲಿ. ಆಮೇಲೆ ಫಿನಾಕ್ಸಿಎಥನಾಲ್ ಹುಡುಕಿ. ಕ್ರೀಮ್ ಕೆಡದಂತೆ ಕಾಯುವ ಈ ಸಂರಕ್ಷಕವನ್ನು ಶೇ 1ಕ್ಕಿಂತ ಹೆಚ್ಚು ಹಾಕುವಂತಿಲ್ಲ, ಹಾಗಾಗಿ ಅದರ ನಂತರದ ಹೆಸರುಗಳೂ ಶೇ 1 ಮೀರಿರುವುದಿಲ್ಲ. ವಿಟಮಿನ್ ಬಿ3ಯ ಒಂದು ರೂಪವಾದ ನಯಾಸಿನಮೈಡ್ ಶೇ 2ರಿಂದ 5ರಷ್ಟಿದ್ದರೆ ಕೆಲಸ ಮಾಡುತ್ತದೆ. ಅದು ಪಟ್ಟಿಯ ಬಾಲದಲ್ಲಿದ್ದರೆ ಹೆಸರಿಗಷ್ಟೇ. ಗೆರೆ ತಗ್ಗಿಸಲು ಬಳಸುವ ವಿಟಮಿನ್ ಎ ರೂಪವಾದ ರೆಟಿನಾಲ್ ಮಾತ್ರ ಬೇರೆ: ಶೇ 0.1ರಿಂದ 0.3 ಸಾಕು, ಕೊನೆಯಲ್ಲಿದ್ದರೆ ತಪ್ಪಲ್ಲ. ಆದರೆ ಗಾಳಿ, ಬೆಳಕು ತಾಗಿದರೆ ಅದು ಕೆಡುತ್ತದೆ. ಅಗಲ ಬಾಯಿಯ ಡಬ್ಬಿ ಬೇಡ, ಪಂಪ್ ಅಥವಾ ಅಲ್ಯೂಮಿನಿಯಂ ಟ್ಯೂಬ್ ಕೊಳ್ಳಿ. ‘ಕೊಲಾಜೆನ್ ಕ್ರೀಮ್’ ಎಂಬುದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಆ ಅಣು ತೀರಾ ದೊಡ್ಡದು, ಚರ್ಮದ ಒಳಗೆ ಇಳಿಯುವುದಿಲ್ಲ.

ಬೆಲೆಯನ್ನು ಗ್ರಾಂ ಲೆಕ್ಕದಲ್ಲಿ ನೋಡಿ. 30 ಗ್ರಾಂಗೆ 250 ರೂಪಾಯಿಯದು ಅಗ್ಗವೆನಿಸಿದರೂ ಗ್ರಾಂಗೆ 8.30 ರೂಪಾಯಿ ದಾಟುತ್ತದೆ. 50 ಗ್ರಾಂಗೆ 350 ಕೊಟ್ಟರೆ 7 ರೂಪಾಯಿ. ಬೆಳಿಗ್ಗೆ, ರಾತ್ರಿ ಅರ್ಧ ಗ್ರಾಂನಂತೆ ಹಚ್ಚಿದರೆ 50 ಗ್ರಾಂ 50 ದಿನ ಬರುತ್ತದೆ.

ತಂದ ತಕ್ಷಣ ಮುಖಕ್ಕೆ ಬಳಿಯಬೇಡಿ. ಮೊಣಕೈ ಒಳಮಡಿಕೆಯಲ್ಲಿ ದಿನಕ್ಕೆ ಎರಡು ಸಲ, ಒಂದು ವಾರ ಹಚ್ಚಿ. ತುರಿಕೆ, ಕೆಂಪು ಬಂದರೆ ಅಲ್ಲಿಗೇ ನಿಲ್ಲಿಸಿ. ಹೆಚ್ಚಾಗಿ ಸುಗಂಧವೇ ಕಾರಣ. ಏನೂ ಆಗದಿದ್ದರೆ ನಾಲ್ಕು ವಾರ ಮುಖದ ಒಂದು ಬದಿಗೆ ಹೊಸದು, ಇನ್ನೊಂದು ಬದಿಗೆ ಹಳೆಯದು ಹಚ್ಚಿ. ಮುಖ ತೊಳೆದು ತೇವ ಆರುವ ಮೊದಲೇ ಹಚ್ಚಬೇಕು. ವಾರಕ್ಕೊಮ್ಮೆ ಒಂದೇ ಕಿಟಕಿಯ ಬಳಿ, ಒಂದೇ ಹೊತ್ತಿಗೆ ಫೋಟೊ ತೆಗೆಯಿರಿ. ಹಚ್ಚಿದ ಅರ್ಧ ಗಂಟೆಗೆ ಗೆರೆ ಮಾಸಿದ್ದು ಬರೀ ತೇವದ ಗುಣ, ಅದನ್ನು ನಂಬಿ ತೀರ್ಮಾನಿಸಬೇಡಿ. ಕಲಬುರಗಿಯ ಡಿಸೆಂಬರ್ ಒಣಹವೆಗೆ ಒಗ್ಗಿದ ಗಟ್ಟಿ ಕ್ರೀಮ್ ಮಂಗಳೂರಿನ ಸೆಕೆಯಲ್ಲಿ ಜಿಗುಟಾಗಬಹುದು.

ರೆಟಿನಾಲ್ ಇದ್ದರೆ ವಾರಕ್ಕೆ ಎರಡು ರಾತ್ರಿಯಿಂದ ಶುರು ಮಾಡಿ, ಫಲಕ್ಕೆ 12 ವಾರ ಕಾಯಿರಿ. ಹಗಲಲ್ಲಿ ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30ರ ಸನ್‌ಸ್ಕ್ರೀನ್ ಕಡ್ಡಾಯ. ಅದಿಲ್ಲದೆ ಯಾವ ಕ್ರೀಮೂ ಬಿಸಿಲಿನ ಹಾನಿಗೆ ಎದುರು ನಿಲ್ಲದು.

ಟ್ಯೂಬಿನ ಮೇಲೆ ಬೆಟಾಮೆಥಾಸೋನ್, ಕ್ಲೋಬೆಟಾಸಾಲ್ ಎಂದಿದ್ದರೆ ಅದು ಸ್ಟೀರಾಯ್ಡ್. ನಾಲ್ಕೇ ದಿನಕ್ಕೆ ಮುಖ ಬೆಳಗಿದಂತೆ ಕಂಡರೂ ಮುಂದೆ ಚರ್ಮ ತೆಳುವಾಗುತ್ತದೆ. ವೈದ್ಯರು ಬರೆದುಕೊಡದೆ ಅದನ್ನು ಮುಖಕ್ಕೆ ಮುಟ್ಟಿಸಬೇಡಿ.