ನೆಗೆಟಿವ್ ಸ್ಕ್ಯಾನ್ ಮಾಡುವಾಗ ಚುಕ್ಕೆ, ಗೆರೆ ಬಂದರೆ

ಹಳೆಯ ನೆಗೆಟಿವ್‌ಗಳನ್ನು ಮನೆಯಲ್ಲೇ ಸ್ಕ್ಯಾನ್ ಮಾಡಲು ಕೂತವರು ಚಿತ್ರದಲ್ಲಿ ಚುಕ್ಕೆಯೋ ಗೆರೆಯೋ ಕಂಡ ಕೂಡಲೇ ಬಟ್ಟೆ ಹಿಡಿದು ಉಜ್ಜಲು ಶುರುಮಾಡುತ್ತಾರೆ. ಸ್ವಲ್ಪ ತಡೀರಿ. ಕೊಳೆ ಎಲ್ಲಿದೆ ಅಂತ ಮೊದಲು ಪತ್ತೆ ಮಾಡಿ. ಫಿಲ್ಮ್ ಪಟ್ಟಿಯ ಎಡತುದಿ ಬಲಕ್ಕೆ ಬರುವಂತೆ ಹೋಲ್ಡರಿನಲ್ಲಿ, ಅಂದರೆ ಫಿಲ್ಮ್ ಕೂರಿಸುವ ಚೌಕಟ್ಟಿನಲ್ಲಿ, ತಿರುಗಿಸಿಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿ. ಗುರುತು ಚಿತ್ರದ ಜೊತೆಗೇ ತಿರುಗಿದರೆ ಕೊಳೆ ಫಿಲ್ಮಿನದು. ಇದ್ದಲ್ಲೇ ಕೂತಿದ್ದರೆ ಯಂತ್ರದ್ದು.

ಗಾಜಿನ ಮೇಲೆ ಫಿಲ್ಮ್ ಇಟ್ಟು ಮುಚ್ಚಳ ಹಾಕುವ ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ, ಒಳಗಿನ ದೀಪ ಓಡುವ ದಿಕ್ಕಿನಲ್ಲೇ ಉದ್ದಕ್ಕೂ ನೂಲು ಹಿಡಿದಂತೆ ನೇರ ಗೆರೆ ಬರುವುದುಂಟು. ಅದಕ್ಕೆ ಫಿಲ್ಮನ್ನು ಬೈದು ಪ್ರಯೋಜನವಿಲ್ಲ. ಹೋಲ್ಡರಿನ ಒಂದು ತುದಿಯಲ್ಲಿ ಫಿಲ್ಮ್ ಇಡದೆ ಖಾಲಿ ಬಿಟ್ಟ ಸೀಳುಕಂಡಿ ಇರುತ್ತದಲ್ಲ, ಯಂತ್ರ ಬೆಳಕಿನ ಅಳತೆ ನೋಡಿಕೊಳ್ಳುವುದು ಅಲ್ಲಿ. ಆ ಜಾಗದ ಗಾಜಿನ ಮೇಲೆ ಒಂದು ಕಣ ಕೂತರೂ ಅಳತೆ ತಪ್ಪಿ, ಆ ತಪ್ಪು ಇಡೀ ಚಿತ್ರದುದ್ದಕ್ಕೂ ಗೆರೆಯಾಗಿ ಇಳಿಯುತ್ತದೆ. ಎಲ್ಲರೂ ಗಾಜಿನ ನಡುಭಾಗವನ್ನೇ ಒರೆಸುತ್ತಾರೆ, ಈ ತುದಿಯನ್ನು ಯಾರೂ ನೋಡುವುದಿಲ್ಲ. ಗಾಜು ಒರೆಸುವ ದ್ರವವನ್ನು ನೇರ ಗಾಜಿನ ಮೇಲೆ ಚಿಮುಕಿಸಬೇಡಿ, ಅಂಚಿನಿಂದ ಒಳಗಿಳಿಯುತ್ತದೆ. ಮೈಕ್ರೋಫೈಬರ್ ಬಟ್ಟೆಗೆ ಸ್ವಲ್ಪವೇ ತಾಗಿಸಿಕೊಳ್ಳಿ. ಮುಚ್ಚಳದ ಒಳಗಿನ ದೀಪದ ಗಾಜನ್ನೂ ಮರೆಯಬೇಡಿ. ಇನ್ನು ಯಂತ್ರವನ್ನು ಅಡುಗೆಮನೆ, ದೇವರಮನೆ ಹತ್ತಿರ ಇಡಲೇಬೇಡಿ. ಒಗ್ಗರಣೆ ಜಿಡ್ಡು, ಊದುಬತ್ತಿ ಹೊಗೆ ಗಾಜಿಗೆ ಮಂಜಿನಂತೆ ಕವಿದು ಧೂಳನ್ನು ಕರೆದು ಕೂರಿಸುತ್ತವೆ.

ಫಿಲ್ಮಿನ ಮೇಲಿನ ಧೂಳು ನೆಗೆಟಿವ್ ಆದರೆ ಚಿತ್ರದಲ್ಲಿ ಬಿಳಿ ಚುಕ್ಕೆಯಾಗಿ, ಸ್ಲೈಡ್ (ಚಿತ್ರ ಉಲ್ಟಾ ಆಗದೆ ನೇರವಾಗಿಯೇ ಮೂಡಿರುವ ಫಿಲ್ಮ್) ಆದರೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಅದಕ್ಕೆ ಕೈಯಲ್ಲಿ ಹಿಂಡುವ ರಬ್ಬರ್ ಬಲ್ಬಿನ ಗಾಳಿ ಸಾಕು. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಉಜ್ಜಿದರೆ ಫಿಲ್ಮಿನಲ್ಲಿ ಸ್ಥಿರವಿದ್ಯುತ್ತು ಹುಟ್ಟಿ ಇನ್ನಷ್ಟು ಧೂಳು ಅಂಟುತ್ತದೆ, ಬಿಸಿಲುಕಾಲದ ಒಣಹವೆಯಲ್ಲಂತೂ ಕೇಳಲೇಬೇಡಿ. ಬೆರಳಚ್ಚಿನ ಜಿಡ್ಡಿದ್ದರೆ ಮಾತ್ರ ಶುದ್ಧ ಐಸೋಪ್ರೊಪೈಲ್ ಆಲ್ಕೋಹಾಲ್. ಅದೂ ಹೊಳೆಯುವ ಮಗ್ಗುಲಿಗೆ. ಚಿತ್ರವಿರುವುದು ಮಂಕಾದ ಮಗ್ಗುಲಲ್ಲಿ, ಅದರ ತಂಟೆಗೆ ಹೋಗದಿರುವುದೇ ಲೇಸು.

ಕೆಲವು ಸ್ಕ್ಯಾನರುಗಳಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ಧೂಳನ್ನು ಗುರುತಿಸಿ ಅಳಿಸುವ ಸೌಕರ್ಯವಿದೆ, ಡಿಜಿಟಲ್ ಐಸ್ ಅನ್ನುತ್ತಾರೆ. ಬಣ್ಣದ ನೆಗೆಟಿವ್‌ಗಳಿಗೆ ಸೊಗಸಾಗಿ ಕೆಲಸ ಮಾಡುತ್ತದೆ. ನಮ್ಮ ಕಾಲದ ಮಾಮೂಲಿ ಕಪ್ಪುಬಿಳುಪು ಫಿಲ್ಮಿಗೆ ಮಾತ್ರ ಅದನ್ನು ಹಾಕಬೇಡಿ: ಅದರಲ್ಲಿ ಚಿತ್ರವೇ ಬೆಳ್ಳಿಯದು, ಬೆಳ್ಳಿ ಆ ಬೆಳಕನ್ನು ತಡೆಯುತ್ತದೆ, ಯಂತ್ರ ಅಜ್ಜಿಯ ಮುಖವನ್ನೇ ಧೂಳೆಂದು ತಿಳಿದು ಅಳಿಸಹೋಗುತ್ತದೆ.

ಮಲೆನಾಡು, ಕರಾವಳಿಯ ಮನೆಗಳ ನೆಗೆಟಿವ್‌ಗಳಲ್ಲಿ ಜೇಡರ ಬಲೆಯಂತೆ ಕವಲೊಡೆದ ಗುರುತಿದ್ದರೆ ಅದು ಧೂಳಲ್ಲ, ಬೂಷ್ಟು. ಅಂಥದ್ದನ್ನು ನೀರಿಗೆ ಹಾಕಬಾರದು. ಫಿಲ್ಮಿನ ಮೇಲೆ ಚಿತ್ರವನ್ನು ಹಿಡಿದಿಟ್ಟಿರುವುದು ಜೆಲಟಿನ್ ಪದರ; ಬೂಷ್ಟು ತಿಂದ ಜೆಲಟಿನ್ ನೀರಿನಲ್ಲಿ ಕರಗಿ ಚಿತ್ರವೂ ಜೊತೆಗೇ ಹೋಗುತ್ತದೆ. ಇದ್ದ ಹಾಗೇ ಸ್ಕ್ಯಾನ್ ಮಾಡಿ, ಆಮೇಲೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿಮುಚ್ಚಳದ ಡಬ್ಬಿಗೆ ಹಾಕಿಡಿ, ಉಳಿದ ನೆಗೆಟಿವ್‌ಗಳಿಂದ ಬೇರೆಯಾಗಿ.